ಹಳೆಯ ಕೋವಿಗಳ ಹೊಂದಿಕೆಯ ಚೋಕುಗಳನ್ನು ಗುರುತಿಸುವ ಕ್ರಮ

(ವ್ಯವಸಾಯದ ಇನ್ಸ್‌ಪೆಕ್ಟರೊಬ್ಬರಿಂದ, ಎಲ್. ಏಜಿ.)

ವ್ಯವಸಾಯದ ಪತ್ರಿಕೆಯಲ್ಲಿ ಕೋವಿಯ ಮಾತೇಕೆ ಎಂದು ಓದುಗರು ಕೇಳಬಹುದು. ಕಾಡಿನ ಅಂಚಿನಲ್ಲಿ ಬತ್ತ, ಜೋಳ, ಕಬ್ಬು, ಬಾಳೆಗಳನ್ನು ಬೆಳೆಯುವ ರೈತರ ಮನೆಗಳಲ್ಲಿ ನೇಗಿಲು, ಗುದ್ದಲಿ, ಸಿಂಪಡಿಸುವ ಪಂಪುಗಳ ಜೊತೆಗೆ, ಬೆಳೆಯ ಕಾವಲಿಗಾಗಿ ಲೈಸೆನ್ಸು ಪಡೆದ ಕೋವಿಯೊಂದು ಇರುವುದುಂಟು. ನೇಗಿಲಿನ ಕುಳ ಸವೆದರೆ ರೈತನಿಗೆ ಕೂಡಲೇ ತಿಳಿಯುತ್ತದೆ. ಪಂಪಿನ ಬಾಯಿ ಕಟ್ಟಿದರೆ ಬಿಚ್ಚಿ ತೊಳೆಯುತ್ತಾನೆ. ಆದರೆ ತಂದೆ ತಾತಂದಿರ ಕಾಲದಿಂದ ಗೋಡೆಗೆ ಒರಗಿರುವ ಕೋವಿಯ ಬಾಯಲ್ಲಿ ಏನಿದೆಯೆಂಬುದನ್ನು ವಿಚಾರಿಸಿ ನೋಡಿದವರು ಬಹು ವಿರಳ. ಈ ಉದಾಸೀನದಿಂದ ಆದ ಒಂದು ಅನರ್ಥವನ್ನು ನಾನು ಹತ್ತಿರದಿಂದ ಬಲ್ಲೆನಾದುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಹೋಬಳಿಯಲ್ಲಿ ಬತ್ತದ ಬೆಂಕಿರೋಗವನ್ನು ಪರೀಕ್ಷಿಸಲು ಹೋಗಿದ್ದಾಗ ಒಬ್ಬ ವೃದ್ಧ ರೈತರ ಮನೆಯಲ್ಲಿ ಇಳಿದುಕೊಂಡಿದ್ದೆನು. ಅವರು ತಮ್ಮ ತಂದೆಯವರಿಂದ ಬಂದ ಅಮೆರಿಕಾ ದೇಶದ ಒಂಟಿನಳಿಗೆಯ ತೋಟಾ ಕೋವಿಯೊಂದನ್ನು ತೋರಿಸಿದರು. ಅದರ ನಳಿಗೆಯ ತುದಿಯಲ್ಲಿ ಹೆಬ್ಬೆರಳಿಗಿಂತ ದಪ್ಪವಾದ ಉಕ್ಕಿನ ಗಂಟು ಇದ್ದಿತು. "ಇದೇನು ಗೌಡರೇ?" ಎಂದು ಕೇಳಿದ್ದಕ್ಕೆ, "ಅಂದಕ್ಕೆ ಹಾಕಿದ ಕಳಸ ಸ್ವಾಮಿ. ಇದನ್ನು ಫುಲ್ ಎಂದಿರುವ ಕಡೆಗೆ ತಿರುಗಿಸಿ ಇಟ್ಟರೆ ಪೂರ್ತಿ ಬಲ ಬರುತ್ತದೆಂದು ನಮ್ಮ ತಂದೆ ಹೇಳುತ್ತಿದ್ದರು" ಎಂದರು. ಆ ಗಂಟು ಸ್ವಲ್ಪ ಅಲುಗಾಡುತ್ತಿದ್ದುದನ್ನು ನಾನು ಕೈಯಾರೆ ಮುಟ್ಟಿ ನೋಡಿದೆನು. ಆದರೆ ನನ್ನ ಇಲಾಖೆಯ ವಿಷಯವಲ್ಲವೆಂದು ಸುಮ್ಮನಾದೆನು. ಒಂದು ತಿಂಗಳೊಳಗೆ, ಹಂದಿಗಳನ್ನು ಬೆದರಿಸುವುದಕ್ಕಾಗಿ ಆ ಮನೆಯವರು ಕತ್ತಲೆಯಲ್ಲಿ ಕೈಗೆ ಸಿಕ್ಕಿದ ತೋಟಾವನ್ನು ತುಂಬಿ ಆಕಾಶಕ್ಕೆ ಹಾರಿಸಿದರು. ಅದು ಚರೆಯ ತೋಟಾ ಆಗಿರದೆ ಒಂಟಿ ಗುಂಡಿನ ತೋಟಾ ಆಗಿದ್ದಿತು. ತುದಿಯ ಗಂಟು ಒಡೆದು ಚೂರಾಯಿತು. ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತಿದ್ದ ಆಳಿನ ಎಡಗಣ್ಣು ಹೋಯಿತು. ನಾನು ಅಂದು ಎರಡು ಮಾತು ಹೇಳಿದ್ದರೆ ಆ ಕಣ್ಣು ಉಳಿಯುತ್ತಿದ್ದಿತೋ ಏನೋ!

ಚೋಕು ಎಂದರೇನು?

ಚರೆ ಹಾರಿಸುವ ಕೋವಿಯ ನಳಿಗೆಯು ಒಳಗೆ ನುಣುಪಾದ ಕೊಳವೆಯಾಗಿರುತ್ತದೆ. ಹನ್ನೆರಡು ಬೋರಿನ ಕೋವಿಯೆಂದರೆ, ಅದರ ಬಾಯಿಗೆ ಸರಿಹೊಂದುವ 12 ಸೀಸದ ಗುಂಡುಗಳು ಒಂದು ಪೌಂಡು ತೂಗುವುವೆಂದು ಅರ್ಥ. ಇದರ ಒಳವ್ಯಾಸವು ವಾಡಿಕೆಯಂತೆ .729 ಅಂಗುಲ, ಅಂದರೆ ಸುಮಾರು 18.5 ಮಿಲಿಮೀಟರು. ನಳಿಗೆಯ ಬಾಯಿಯ ಬಳಿ ಕೊನೆಯ ಎರಡು ಮೂರು ಅಂಗುಲದಲ್ಲಿ ಒಳವ್ಯಾಸವನ್ನು ಅತ್ಯಲ್ಪವಾಗಿ ಕಿರಿದು ಮಾಡಿದರೆ ಚರೆಗಳು ಒತ್ತಾಗಿ ಹೊರಟು ಬಹುದೂರದವರೆಗೆ ಚೆದರದೆ ಹೋಗುತ್ತವೆ. ಈ ಕಿರಿದು ಮಾಡಿದ ಭಾಗಕ್ಕೆ ಚೋಕು ಎಂದು ಹೆಸರು.

ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ರೈತರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಪಂಪಿನ ಮೂತಿಯನ್ನು ತಿರುಗಿಸಿ ಬಿಗಿ ಮಾಡಿದರೆ ದ್ರಾವಣವು ಒಂದೇ ಧಾರೆಯಾಗಿ ಎತ್ತರದ ಗೊನೆಯನ್ನು ಮುಟ್ಟುತ್ತದೆ. ಸಡಿಲಿಸಿದರೆ ಮಂಜಿನಂತೆ ಹತ್ತಿರದಲ್ಲಿಯೇ ಹರಡುತ್ತದೆ. ಪಂಪಿನ ಬಲ ಎರಡು ಸಲವೂ ಒಂದೇ. ಕೋವಿಯಲ್ಲಿಯೂ ಹಾಗೆಯೇ. ‘ಫುಲ್’ ಎಂದರೆ ಪೂರ್ತಿ ಬಲವೆಂದಲ್ಲ, ಪೂರ್ತಿ ಬಿಗಿ ಎಂದರ್ಥ. ಮದ್ದಿನ ಬಲವನ್ನು ಚೋಕು ಹೆಚ್ಚಿಸುವುದಿಲ್ಲ.

ಈ ಬಿಗಿಯ ಪ್ರಮಾಣವು ಎಷ್ಟು ಸೂಕ್ಷ್ಮವೆಂಬುದನ್ನು ಗಮನಿಸಬೇಕು. ಹನ್ನೆರಡು ಬೋರಿನಲ್ಲಿ ಫುಲ್ ಚೋಕೆಂದರೆ ಅಂಗುಲದ ಸಾವಿರದಲ್ಲಿ 35ರಿಂದ 40 ಭಾಗದಷ್ಟು ಕಿರಿದು. ಮಾಡಿಫೈಡ್ ಎಂಬುದು ಸುಮಾರು 20 ಭಾಗ. ಇಂಪ್ರೂವ್ಡ್ ಸಿಲಿಂಡರ್ ಎಂಬುದು ಸುಮಾರು 10 ಭಾಗ. ಬರಿಯ ಸಿಲಿಂಡರಿನಲ್ಲಿ ಕಿರಿದೇ ಇಲ್ಲ. ಎಲ್ಲಕ್ಕಿಂತ ಬಿಗಿಯಾದುದಕ್ಕೂ ಎಲ್ಲಕ್ಕಿಂತ ಸಡಿಲವಾದುದಕ್ಕೂ ಇರುವ ಅಂತರವು ಒಂದು ಮಿಲಿಮೀಟರು ಮಾತ್ರ. ಬರಿಗಣ್ಣಿನ ಅಂದಾಜು ಇಲ್ಲಿ ನಡೆಯುವುದಿಲ್ಲ.

ಹೊಂದಿಕೆಯ ಚೋಕು ಬಂದ ಬಗೆ

ನಳಿಗೆಯಲ್ಲಿಯೇ ಕೊರೆದ ಚೋಕು 1870ರ ದಶಕದಲ್ಲಿ ಪ್ರಸಿದ್ಧಿಗೆ ಬಂದಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಡಬ್ಲ್ಯು. ಗ್ರೀನರ್ ಎಂಬ ಕೋವಿ ತಯಾರಕನು ಇದನ್ನು ಹೆಚ್ಚಾಗಿ ಪ್ರಚಾರಕ್ಕೆ ತಂದನು. ಜೋಡುನಳಿಗೆಯ ಕೋವಿಯುಳ್ಳವರಿಗೆ ಒಂದು ನಳಿಗೆ ಸಡಿಲವಾಗಿಯೂ ಇನ್ನೊಂದು ಬಿಗಿಯಾಗಿಯೂ ಇದ್ದು, ಹತ್ತಿರಕ್ಕೊಂದು ದೂರಕ್ಕೊಂದು ಒದಗುತ್ತಿದ್ದಿತು. ಆದರೆ ಅಮೆರಿಕಾದಲ್ಲಿ ಒಂಟಿನಳಿಗೆಯ, ಹಲವು ತೋಟಾ ಹಿಡಿಸುವ ಕೋವಿಗಳು ಬಳಕೆಗೆ ಬಂದವು. ವಿಂಚೆಸ್ಟರ್ ಕಂಪನಿಯ 1897ರ ಮತ್ತು 1912ರ ಮಾದರಿಗಳು ಇವುಗಳಲ್ಲಿ ಹೆಸರಾದವು. ಒಂದೇ ನಳಿಗೆಗೆ ಒಂದೇ ಚೋಕು. ಬೇರೆ ಬೇಕಾದರೆ ಬೇರೆ ನಳಿಗೆಯನ್ನೇ ಕೊಳ್ಳಬೇಕು. ಈ ತೊಂದರೆಯ ನಿವಾರಣೆಗಾಗಿಯೇ ನಳಿಗೆಯ ತುದಿಯನ್ನು ಕತ್ತರಿಸಿ, ಬದಲಾಯಿಸಬಹುದಾದ ಬಾಯನ್ನು ಜೋಡಿಸುವ ಪದ್ಧತಿ 1920 ಮತ್ತು 1930ರ ದಶಕಗಳಲ್ಲಿ ಅಲ್ಲಿ ಬೆಳೆಯಿತು.

ಆದುದರಿಂದ ಮೊದಲನೆಯ ಗುರುತು ಸುಲಭವಾದುದು. ಹೊಂದಿಕೆಯ ಚೋಕು ಸಾಧಾರಣವಾಗಿ ಒಂಟಿನಳಿಗೆಯ ಕೋವಿಯಲ್ಲಿ ಮಾತ್ರ ಇರುತ್ತದೆ. ನಮ್ಮ ದೇಶದ ರೈತರಲ್ಲಿ ಹೆಚ್ಚಾಗಿರುವ ಜೋಡುನಳಿಗೆಯ ಹಳೆಯ ಕೋವಿಗಳಲ್ಲಿ ಚೋಕು ನಳಿಗೆಯಲ್ಲಿಯೇ ಕೊರೆದದ್ದು, ಅದನ್ನು ತಿರುಗಿಸಲಾಗುವುದಿಲ್ಲ. ಇಂಗ್ಲಿಷ್ ಕೋವಿಗಳಲ್ಲಿ ನಳಿಗೆಯನ್ನು ಬಿಚ್ಚಿ ಅಡಿಭಾಗದ ಚಪ್ಪಟೆ ಜಾಗದಲ್ಲಿ ಪರೀಕ್ಷಾ ಮೊಹರುಗಳನ್ನು ನೋಡಿದರೆ, 1875ರಿಂದ 1887ರವರೆಗಿನ ಬಿಗಿ ನಳಿಗೆಗಳ ಮೇಲೆ ‘ನಾಟ್ ಫಾರ್ ಬಾಲ್’ ಎಂದೂ, 1887ರಿಂದ ಈಚಿನವುಗಳ ಮೇಲೆ ‘ಚೋಕ್’ ಎಂದೂ ಒತ್ತಿರುವುದು ಕಾಣುತ್ತದೆ. ಮೊದಲನೆಯದರ ಅರ್ಥ ‘ಒಂಟಿ ಗುಂಡಿಗೆ ತಕ್ಕುದಲ್ಲ’ ಎಂದು. ನೂರೈವತ್ತು ವರ್ಷಗಳ ಹಿಂದೆಯೇ ಉಕ್ಕಿನ ಮೇಲೆ ಕೆತ್ತಿದ ಈ ಎಚ್ಚರಿಕೆಯು ಇಂದಿಗೂ ಮರೆಯತಕ್ಕದ್ದಲ್ಲ.

ಮುಖ್ಯವಾದ ಮೂರು ಬಗೆಗಳು

ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾದ ಚೋಕುಗಳು ಅನೇಕವಿದ್ದರೂ ಅವುಗಳ ರಚನೆಯನ್ನು ನೋಡಿದರೆ ಮೂರೇ ಬಗೆ.

(1) ಬೆರಳು ಚೋಕು. ಇದರಲ್ಲಿ ನಳಿಗೆಯ ತುದಿಗೆ ಜೋಡಿಸಿದ ಉಕ್ಕಿನ ಕೊಳವೆಯನ್ನು ಉದ್ದಕ್ಕೂ ಸೀಳಿ, ಒತ್ತೊತ್ತಾದ ಬೆರಳುಗಳಂತೆ ಮಾಡಿರುತ್ತಾರೆ. ಅದರ ಮೇಲೆ ತಿರುಪಿನಿಂದ ಕೂಡುವ ಒಂದು ಬಳೆ ಇರುತ್ತದೆ. ಬಳೆಯನ್ನು ತಿರುಗಿಸಿದಂತೆಲ್ಲಾ ಅದು ಬೆರಳುಗಳನ್ನು ಒಳಕ್ಕೆ ಒತ್ತಿ ಬಾಯನ್ನು ಕಿರಿದು ಮಾಡುತ್ತದೆ. ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡ್ ನಗರದ ಪಾಲಿ ಚೋಕ್ ಎಂಬುದು ಇವುಗಳಲ್ಲಿ ಅಗ್ರಗಣ್ಯವಾದುದು. ಮಾಸ್‌ಬರ್ಗ್ ಕಂಪನಿಯವರು ತಮ್ಮ ಕೋವಿಗಳಿಗೆ ಕೂಡಿಸಿ ಕಳುಹಿಸುತ್ತಿದ್ದ ಸಿ-ಲೆಕ್ಟ್-ಚೋಕ್ ಕೂಡ ಬಳೆ ತಿರುಗಿಸಿ ಹೊಂದಿಸುವ ಜಾತಿಗೇ ಸೇರಿದ್ದು. ಗುರುತು: ಬಾಯಿಯ ಕಡೆಯಿಂದ ನೋಡಿದರೆ ಅಂಚಿನಲ್ಲಿ ಸಣ್ಣ ಸೀಳುಗೆರೆಗಳು ಕಾಣುವುವು, ಹೊರಗಿನ ಬಳೆಯ ಮೇಲೆ ಕೈಗೆ ಹಿಡಿತ ಸಿಗುವಂತೆ ಗೀರು ಹಾಕಿರುತ್ತದೆ, ಬಳೆಯ ಸುತ್ತ ಫುಲ್, ಮಾಡ್, ಇಂಪ್, ಸಿಲ್ ಎಂಬ ಮೊಟಕು ಅಕ್ಷರಗಳೂ ನಳಿಗೆಯ ಕಡೆ ಒಂದು ಸೂಚಕ ಗೆರೆಯೂ ಇರುವುವು.

(2) ಪಂಜರ ಮತ್ತು ಕೊಳವೆ. ಇದರಲ್ಲಿ ನಳಿಗೆಯ ತುದಿಗೆ ನಳಿಗೆಗಿಂತ ಅಗಲವಾದ, ಅಡ್ಡ ಸೀಳುಗಳುಳ್ಳ ಒಂದು ಪಂಜರವನ್ನು ಜೋಡಿಸಿ, ಅದರ ಮುಂದೆ ಬೇಕಾದ ಬಿಗಿಯ ಗಿಡ್ಡ ಕೊಳವೆಯನ್ನು ತಿರುಪಿನಿಂದ ಕೂಡಿಸುತ್ತಾರೆ. ಅಮೆರಿಕಾದ ನೌಕಾಪದಾತಿ ದಳದ ಕರ್ನಲ್ ಕಟ್ಸ್ ಎಂಬವರು ಕಲ್ಪಿಸಿದ ಕಟ್ಸ್ ಕಾಂಪೆನ್ಸೇಟರ್ ಇದಕ್ಕೆ ಮೂಲ. ಇದನ್ನು ಲೈಮನ್ ಕಂಪನಿಯವರು ತಯಾರಿಸಿದರು. ಟೆಕ್ಸಾಸಿನ ಎಲ್ ಪಾಸೋ ನಗರದ ವೀವರ್ ಚೋಕ್ ಸಹ ಕೊಳವೆಯನ್ನೇ ಬದಲಾಯಿಸುವಂಥಾದ್ದು. ಪಂಜರದ ಸೀಳುಗಳಿಂದ ಮದ್ದಿನ ಹೊಗೆಯು ಹೊರಕ್ಕೆ ನುಗ್ಗುವುದರಿಂದ ಕೋವಿಯ ಒದೆತ ಕಡಿಮೆಯಾಗುತ್ತದೆ. ಆದರೆ ಪಕ್ಕದಲ್ಲಿ ನಿಂತವರ ಕಿವಿಗೆ ಸದ್ದು ಹೆಚ್ಚು. ಇದನ್ನು ಸದ್ದಡಗಿಸುವ ಸಾಧನವೆಂದು ಭ್ರಮಿಸುವವರುಂಟು. ಅದು ಶುದ್ಧ ತಪ್ಪು. ಗುರುತು: ಸೀಳುಗಳುಳ್ಳ ಪಂಜರ, ಮುಂದಿನ ಕೊಳವೆಯ ಮೇಲೆ.705 ಎಂಬಂತೆ ಅಂಗುಲದ ಸಾವಿರಾಂಶದಲ್ಲಿ ಒತ್ತಿರುವ ಒಳವ್ಯಾಸ. ಇದರಲ್ಲಿ ತಿರುಗಿಸಿ ಹೊಂದಿಸುವುದೇನೂ ಇಲ್ಲ, ಕೊಳವೆಯನ್ನೇ ಬದಲಾಯಿಸಬೇಕು. ಉಳಿದ ಕೊಳವೆಗಳೂ ಅವುಗಳ ಚಾವಿಯೂ ಹಳೆಯ ಪೆಟ್ಟಿಗೆಯಲ್ಲಿ ಉಪಯೋಗ ತಿಳಿಯದೆ ಬಿದ್ದಿರಬಹುದು, ಎಸೆಯಕೂಡದು.

ಸೀಳು ಕಂಡ ಮಾತ್ರಕ್ಕೆ ಎರಡನೆಯ ಬಗೆಯೆಂದು ನಿಶ್ಚಯಿಸಬಾರದು. ಬೆರಳು ಚೋಕುಗಳಲ್ಲಿಯೂ ಹೊಗೆ ಹೋಗುವ ಸೀಳುಗಳುಳ್ಳವು ಉಂಟು. ಬಾಯಿಯ ಅಂಚಿನಲ್ಲಿ ಬೆರಳುಗಳು ಕಂಡರೆ ಒಂದನೆಯ ಬಗೆ. ಅಂಚು ಇಡಿಯಾದ ಉಂಗುರವಾಗಿದ್ದರೆ ಎರಡನೆಯ ಬಗೆ.

(3) ಒಳತಿರುಪಿನ ಕೊಳವೆ. ಇದು ನಳಿಗೆಯ ಒಳಗೇ ತಿರುಪಿನಿಂದ ಕೂಡುವ ತೆಳುವಾದ ಕೊಳವೆ. ವಿಂಚೆಸ್ಟರ್ ಕಂಪನಿಯ ವಿಂಚೋಕ್ ಎಂಬುದರಿಂದ 1960ರ ದಶಕದ ಈಚೆಗೆ ಈ ಬಗೆ ರೂಢಿಗೆ ಬಂದು, ಮೇಲಿನ ಎರಡನ್ನೂ ಬಹುಮಟ್ಟಿಗೆ ಮೂಲೆಗೆ ತಳ್ಳಿತು. ಹೊರಗೆ ದೊಡ್ಡ ಗಂಟು ಇರುವುದಿಲ್ಲವಾದುದರಿಂದ ಇದು ಸುಲಭವಾಗಿ ಕಣ್ಣು ತಪ್ಪುತ್ತದೆ. ಗುರುತು: ಬಾಯಿಯ ಅಂಚಿನಲ್ಲಿ ಒಂದರೊಳಗೊಂದು ಎರಡು ಉಂಗುರಗಳು, ಒಳಗಿನ ಉಂಗುರದಲ್ಲಿ ಚಾವಿ ಕೂರುವುದಕ್ಕೆ ಸಣ್ಣ ಕಚ್ಚುಗಳು. ಈಚಿನ ಅನೇಕ ಕೊಳವೆಗಳಲ್ಲಿ ಈ ಕಚ್ಚುಗಳ ಎಣಿಕೆಯೇ ಬಿಗಿಯನ್ನು ಸೂಚಿಸುತ್ತದೆ. ಒಂದು ಕಚ್ಚಿದ್ದರೆ ಫುಲ್, ಕಚ್ಚುಗಳು ಹೆಚ್ಚಿದಷ್ಟೂ ಸಡಿಲ.

ಪರೀಕ್ಷಿಸುವ ಕ್ರಮ

ಮೊದಲು ಕೋವಿಯಲ್ಲಿ ತೋಟಾ ಇಲ್ಲವೆಂಬುದನ್ನು ಒಂದಕ್ಕೆ ಎರಡು ಸಲ ನೋಡತಕ್ಕದ್ದು. ಒಂಟಿನಳಿಗೆಯ ಅಮೆರಿಕಾ ಕೋವಿಗಳಲ್ಲಿ ನಳಿಗೆಯ ಅಡಿಯಲ್ಲಿರುವ ಕೊಳವೆಯಲ್ಲಿಯೂ ತೋಟಾಗಳು ಅಡಗಿರಬಹುದು. ಅವನ್ನೆಲ್ಲಾ ತೆಗೆದು ಬೇರೆ ಕೋಣೆಯಲ್ಲಿಟ್ಟು, ಕೋವಿಯ ಹಿಂಬದಿಯನ್ನು ತೆರೆದಿಟ್ಟುಕೊಂಡ ಮೇಲೆಯೇ ಮುಂದಿನ ಕೆಲಸ.

ಎರಡನೆಯದಾಗಿ, ಹಿಂಬದಿಯಿಂದ ಬೆಳಕಿಗೆ ಹಿಡಿದು ನೋಡಬೇಕು. ಮಲೆನಾಡಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಕೋವಿಯ ನಳಿಗೆ ಬಹಳ ಮೆಚ್ಚಿನ ಜಾಗ. ಒಂದು ಹಿಡಿ ಮಣ್ಣೂ ಬೇಡ, ಒಂದು ಚಿಟಿಕೆ ಸಿಕ್ಕಿಕೊಂಡಿದ್ದರೂ ನಳಿಗೆ ಬಿರಿಯುವುದು. ಬೆಳಕಿನ ಉಂಗುರಗಳು ಒಂದರೊಳಗೊಂದು ಸರಿಯಾಗಿ ಕೂಡಿರಬೇಕು. ಬಾಯಿಯ ಉಂಗುರವು ಒಂದು ಪಕ್ಕಕ್ಕೆ ಸರಿದಂತೆ ಕಂಡರೆ, ಜೋಡಣೆ ಓರೆಯಾಗಿದೆಯೆಂದು ತಿಳಿಯಬೇಕು. ಅಂಥ ಕೋವಿಯಲ್ಲಿ ಚರೆಗಳು ಅಂಚಿಗೆ ಬಡಿಯುವುವು.

ಮೂರನೆಯದಾಗಿ, ಗಂಟನ್ನು ಕೈಯಿಂದ ಹಿಡಿದು ಅಲುಗಾಡಿಸಿ ನೋಡಬೇಕು. ಬೆರಳು ಚೋಕಾಗಿದ್ದರೆ ಬಳೆಯು ಮೆತ್ತಗೆ ತಿರುಗಬೇಕು, ಆದರೆ ಲೊಳಲೊಳ ಎನ್ನಬಾರದು. ಬೆರಳುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಭೂತಗನ್ನಡಿಯಿಂದ ನೋಡತಕ್ಕದ್ದು.

ನಾಲ್ಕನೆಯದಾಗಿ ಅಳತೆ. ವರ್ನಿಯರ್ ಕ್ಯಾಲಿಪರಿನಿಂದ ಬಾಯಿಯ ಒಳವ್ಯಾಸವನ್ನು ಸಿಲ್ ಗುರುತಿನಲ್ಲಿ ಒಮ್ಮೆಯೂ ಫುಲ್ ಗುರುತಿನಲ್ಲಿ ಒಮ್ಮೆಯೂ ಅಳೆಯಬೇಕು. ವ್ಯತ್ಯಾಸವು ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಬರಬೇಕು. ಬಳೆಯನ್ನು ತಿರುಗಿಸಿದರೂ ಅಳತೆ ಬದಲಾಗದಿದ್ದರೆ ಬೆರಳುಗಳು ತುಕ್ಕಿನಿಂದಲೋ ಮಸಿಯಿಂದಲೋ ಹಿಡಿದುಕೊಂಡಿರುವುವು. ಆಗ ಬಳೆಯ ಮೇಲಿನ ಅಕ್ಷರ ಸುಳ್ಳೆಂದು ತಿಳಿಯಬೇಕು.

ನಾಣ್ಯವನ್ನು ಬಾಯಿಗೆ ಹಿಡಿದು ನೋಡುವ ಹಳೆಯ ಪದ್ಧತಿಯೊಂದುಂಟು. ಅಮೆರಿಕಾದವರು ತಮ್ಮ 10 ಸೆಂಟಿನ ನಾಣ್ಯವು (17.9 ಮಿಲಿಮೀಟರು) ಒಳಗೆ ಇಳಿಯದಿದ್ದರೆ ಫುಲ್ ಚೋಕು ಎನ್ನುತ್ತಿದ್ದರು. ಇದನ್ನು ನಂಬತಕ್ಕದ್ದಲ್ಲ. ಚೋಕು ಎಂಬುದು ಬಾಯಿಯ ಅಳತೆಯಲ್ಲ, ನಳಿಗೆಯ ಅಳತೆಗೂ ಬಾಯಿಯ ಅಳತೆಗೂ ಇರುವ ವ್ಯತ್ಯಾಸ. ಎರಡು ಕೋವಿಗಳ ಬಾಯಿ .709 ಅಂಗುಲವೇ ಇದೆಯೆಂದು ಇಟ್ಟುಕೊಳ್ಳೋಣ. ಒಂದರ ನಳಿಗೆ .729 ಆಗಿದ್ದರೆ ವ್ಯತ್ಯಾಸ 20 ಸಾವಿರಾಂಶ, ಅಂದರೆ ಮಾಡಿಫೈಡ್. ಇನ್ನೊಂದರ ನಳಿಗೆ .740 ಆಗಿದ್ದರೆ ವ್ಯತ್ಯಾಸ 31 ಸಾವಿರಾಂಶ, ಅಂದರೆ ಫುಲ್ಲಿಗೆ ಸಮೀಪ. ನಾಣ್ಯಕ್ಕೆ ಇವೆರಡೂ ಒಂದೇ. ನಳಿಗೆಯ ಒಳಗನ್ನು ಅಳೆಯುವುದಕ್ಕೆ ಬೇರೆ ಮಾಪಕ ಬೇಕಾಗುವುದರಿಂದ ಈ ಕೆಲಸವನ್ನು ಲೈಸೆನ್ಸು ಪಡೆದ ಕೋವಿ ದುರಸ್ತಿಗಾರರಲ್ಲಿಯೇ ಮಾಡಿಸತಕ್ಕದ್ದು.

ಕೊನೆಯ ಸಾಕ್ಷಿ ಕಾಗದ

ಅಕ್ಷರವೂ ಅಳತೆಯೂ ಹೇಳುವುದನ್ನು ಕಾಗದವು ಸ್ಥಿರಪಡಿಸಬೇಕು. ಇದರ ಕ್ರಮವು ಹೇಗೆಂದರೆ: ನಾಲ್ಕು ಅಡಿ ಚೌಕದ ಕಾಗದವನ್ನು 40 ಗಜ ದೂರದಲ್ಲಿ ಕಟ್ಟಿ ಹಾರಿಸಿ, ಚರೆಗಳು ಒತ್ತಾಗಿ ಬಿದ್ದ ಕಡೆಗೆ 30 ಅಂಗುಲ ವ್ಯಾಸದ ವೃತ್ತವನ್ನು ಎಳೆದು ತೂತುಗಳನ್ನು ಎಣಿಸುವುದು. ತೋಟಾದಲ್ಲಿದ್ದ ಚರೆಗಳಲ್ಲಿ ನೂರಕ್ಕೆ 70 ವೃತ್ತದೊಳಗೆ ಬಿದ್ದರೆ ಫುಲ್, 60 ಬಿದ್ದರೆ ಮಾಡಿಫೈಡ್, 50 ಬಿದ್ದರೆ ಇಂಪ್ರೂವ್ಡ್ ಸಿಲಿಂಡರ್, 40 ಬಿದ್ದರೆ ಸಿಲಿಂಡರ್. ತೋಟಾದಲ್ಲಿ 300 ಚರೆಗಳಿದ್ದರೆ ಮೊದಲನೆಯದರಲ್ಲಿ 210, ಕೊನೆಯದರಲ್ಲಿ 120 ತೂತು. ಒಂದೇ ಸಲದ ಲೆಕ್ಕ ಸಾಲದು. ಐದು ಕಾಗದಗಳ ಸರಾಸರಿ ನೋಡಬೇಕು. ಹಳೆಯ ಬೆರಳು ಚೋಕುಗಳಲ್ಲಿ ಬಳೆಯು ಮಾಡ್ ಎಂದರೂ ಕಾಗದವು ಫುಲ್ ಎನ್ನುವುದು ಅಪೂರ್ವವಲ್ಲ. ಹಾಗಾದಾಗ ಕಾಗದವನ್ನೇ ನಂಬಬೇಕು. ಈ ಪರೀಕ್ಷೆಯನ್ನು ಅನುಮತಿಯುಳ್ಳ ಗುರಿಯಭ್ಯಾಸದ ಮೈದಾನದಲ್ಲಿ ಮಾತ್ರ ಮಾಡತಕ್ಕದ್ದು. ಗದ್ದೆಯ ಬದುವಿನಲ್ಲಿ ಕೂಡದು.

ಮಾಡಕೂಡದ ಕೆಲಸಗಳು

ಒಂಟಿ ಗುಂಡಿನ ತೋಟಾವನ್ನು ಹೊಂದಿಕೆಯ ಚೋಕುಳ್ಳ ಕೋವಿಯಲ್ಲಿ ಉಪಯೋಗಿಸಲೇಕೂಡದು. ಬೋರಿಗೆ ಸರಿಯಾದ ಗುಂಡು ಕಿರಿದಾದ ಬಾಯಿಗೆ ಬಡಿದಾಗ ಚರೆಯಂತೆ ಹೊಂದಿಕೊಂಡು ಹೋಗುವುದಿಲ್ಲ. ಚರೆ ತೋಟಾ ಮತ್ತು ಗುಂಡಿನ ತೋಟಾಗಳನ್ನು ಒಂದೇ ಡಬ್ಬಿಯಲ್ಲಿ ಇಡಕೂಡದು. ನಾನು ಮೇಲೆ ಹೇಳಿದ ಮನೆಯಲ್ಲಿ ಅವೆರಡೂ ಒಂದೇ ತಗಡಿನ ಡಬ್ಬಿಯಲ್ಲಿದ್ದವು.

ಕೊಳವೆಯನ್ನು ಬಿಚ್ಚಿಟ್ಟು ಬರಿಯ ತಿರುಪಿನ ಬಾಯಿಂದ ಹಾರಿಸಕೂಡದು. ತಿರುಪು ಹಾಳಾಗುವುದಲ್ಲದೆ ಮುಂದೆ ಕೊಳವೆ ಓರೆಯಾಗಿ ಕೂರುವುದು. ಸೀಸದ ಬದಲು ಉಕ್ಕಿನ ಚರೆ ತುಂಬಿದ ಈಚಿನ ತೋಟಾಗಳನ್ನು ಹಳೆಯ ಬಿಗಿ ಚೋಕುಗಳಲ್ಲಿ ಉಪಯೋಗಿಸಕೂಡದು. ಉಕ್ಕು ಸೀಸದಂತೆ ನಲುಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಗಂಟು ಬೇಡವೆಂದು ಅದನ್ನು ಲೇತು ಅಂಗಡಿಯಲ್ಲಿ ಕೊಯ್ಯಿಸಕೂಡದು. ಆ ಗಂಟು ಜೋಡಿಸುವಾಗಲೇ ನಳಿಗೆಯ ಮೂಲ ಚೋಕನ್ನು ಕತ್ತರಿಸಿರುತ್ತಾರೆ. ಗಂಟು ಹೋದರೆ ಉಳಿಯುವುದು ಬರಿಯ ಕೊಳವೆ. ಅದೂ ಅಲ್ಲದೆ 1959ರ ಆಯುಧ ಕಾಯಿದೆಯ 6ನೆಯ ಪ್ರಕರಣದ ಪ್ರಕಾರ ಅದಕ್ಕಾಗಿ ಲೈಸೆನ್ಸು ಇಲ್ಲದವರು ಕೋವಿಯ ನಳಿಗೆಯನ್ನು ಮೊಟಕು ಮಾಡುವುದು ಅಪರಾಧ. ಸದುದ್ದೇಶದಿಂದ ಮಾಡಿದ ಒಂದು ಕೊಯ್ತದಿಂದ ತಾತನ ಕೋವಿಯೂ ಲೈಸೆನ್ಸೂ ಒಟ್ಟಿಗೆ ಹೋಗಬಹುದು.

ಇದನ್ನೆಲ್ಲಾ ಓದಿ ಬೇಟೆಗೆ ಉತ್ತೇಜನವೆಂದು ಯಾರೂ ಭಾವಿಸಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಪ್ರಾಣಿಗಳನ್ನು ಕೊಲ್ಲುವುದನ್ನು ನಿಷೇಧಿಸಿದೆ. ಬೆಳೆಗೆ ಅಪಾಯ ಮಾಡುವ ಕೆಲವು ಪ್ರಾಣಿಗಳ ವಿಷಯದಲ್ಲಿಯೂ 11ನೆಯ ಪ್ರಕರಣದಂತೆ ಅರಣ್ಯ ಇಲಾಖೆಯ ಅಧಿಕಾರಿಗಳ ಲಿಖಿತ ಅಪ್ಪಣೆಯಿಲ್ಲದೆ ಕೈಯೆತ್ತುವಂತಿಲ್ಲ. ಬೆಳೆಯ ಕಾವಲಿನ ಲೈಸೆನ್ಸು ಎಂಬುದು ಬೇಟೆಯ ಅಪ್ಪಣೆಯಲ್ಲ.

ಆರೈಕೆ

ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ, ಹೊಂದಿಕೆಯ ಚೋಕನ್ನು ಬಿಚ್ಚಿ ಶುದ್ಧಿ ಮಾಡಬೇಕು. ಸೀಮೆಎಣ್ಣೆಯಲ್ಲಿ ನೆನೆಸಿ, ಬೆರಳುಗಳ ನಡುವಣ ಸೀಸವನ್ನೂ ಮಸಿಯನ್ನೂ ಹಿತ್ತಾಳೆಯ ಕುಂಚದಿಂದ ತೆಗೆದು, ಒರಸಿ, ತೆಳುವಾಗಿ ಕೋವಿಯ ಎಣ್ಣೆಯನ್ನು ಸವರುವುದು. ತೆಂಗಿನೆಣ್ಣೆ, ಹರಳೆಣ್ಣೆಗಳು ಅಂಟುಗಟ್ಟುವುದರಿಂದ ಉಪಯುಕ್ತವಲ್ಲ. ಬಿಗಿಯಾಗಿ ಹಿಡಿದುಕೊಂಡ ಬಳೆಯನ್ನು ಸುತ್ತಿಗೆಯಿಂದ ಹೊಡೆಯಕೂಡದು, ಬೆಂಕಿಗೆ ಹಿಡಿಯಕೂಡದು. ಕೆಲವು ಜೋಡಣೆಗಳು ಬೆಸುಗೆಯ ಮೇಲೆಯೇ ನಿಂತಿರುವುವು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿಯಿರುವ ಕೊಡಗಿನಲ್ಲಿ, ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಂದು ಮನೆಯ ಕೋವಿಗಳನ್ನೆಲ್ಲಾ ಇಳಿಸಿ, ಶುಚಿ ಮಾಡಿ, ಹೂವಿಟ್ಟು ಪೂಜಿಸುವರು. ಉಳಿದ ಸೀಮೆಗಳಲ್ಲಿ ಮಹಾನವಮಿಯ ಆಯುಧಪೂಜೆಯುಂಟು. ವರ್ಷಕ್ಕೊಮ್ಮೆಯಾದರೂ ಕೋವಿ ಕೈಗೆ ಬರುವ ಆ ದಿನ, ಕುಂಕುಮವನ್ನಿಡುವುದಕ್ಕೆ ಮುಂಚೆ, ಅದರ ಬಾಯನ್ನು ಬೆಳಕಿಗೆ ಹಿಡಿದು ನೋಡುವ ಪದ್ಧತಿಯನ್ನು ಪ್ರತಿಯೊಂದು ಮನೆಯವರೂ ಇಟ್ಟುಕೊಂಡರೆ ಒಳ್ಳೆಯದು. ತುದಿಯಲ್ಲಿ ಬೆರಳು ಇದೆಯೋ, ಪಂಜರ ಇದೆಯೋ, ಒಳ ಉಂಗುರ ಇದೆಯೋ ಎಂದು ಗುರುತಿಸಿ, ಅದನ್ನು ಒಂದು ಚೀಟಿಯಲ್ಲಿ ಬರೆದು ಲೈಸೆನ್ಸಿನ ಪುಸ್ತಕದಲ್ಲಿಯೋ ಮನೆಯ ಕಾಗದಪತ್ರಗಳಲ್ಲಿಯೋ ಇಟ್ಟರೆ ಮಕ್ಕಳ ಕಾಲಕ್ಕೂ ಉಪಯೋಗಕ್ಕೆ ಬರುವುದು.

ಆ ವೃದ್ಧ ರೈತರು ಅನಂತರ ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ಕಣ್ಣು ಕಳೆದುಕೊಂಡ ಆಳು ಇಂದಿಗೂ ಅವರ ತೋಟದಲ್ಲಿಯೇ ಕೆಲಸಕ್ಕಿದ್ದಾನೆ. ನಾನು ಆ ಕಡೆಗೆ ಸರ್ಕೀಟು ಹೋದಾಗಲೆಲ್ಲಾ ಅವನು ನಗುನಗುತ್ತಲೇ ನಮಸ್ಕಾರ ಮಾಡುತ್ತಾನೆ. ಆದರೆ ಅವನನ್ನು ನೇರವಾಗಿ ನೋಡುವುದು ನನಗೆ ಇನ್ನೂ ಸಾಧ್ಯವಾಗಿಲ್ಲ. ನೆರೆಮನೆಯ ಕೋವಿಯಲ್ಲಿ ಅಲುಗಾಡುವ ಗಂಟನ್ನು ಕಂಡ ಓದುಗರು, ಇದು ತಮ್ಮ ಕೆಲಸವಲ್ಲವೆಂದು ನನ್ನಂತೆ ಸುಮ್ಮನಾಗದೆ, ಆಗಲೇ ಹೇಳಿಬಿಡಬೇಕೆಂದು ಪ್ರಾರ್ಥಿಸುತ್ತೇನೆ.